ತೂಕ ಏರಿದ ಹಾಗೆ ಸ್ಕ್ವಾಟ್ ಮೇಲೇ ನಿಂತುಬಿಡುತ್ತೆ: ಮೈ ಬಿಗಿಯೋ, ಭಯವೋ?

ಕಬ್ಬಿಣದ ಕಡಲೆ

ನನ್ನ ಎತ್ತರ 172 ಸೆಂ.ಮೀ., ತೂಕ 74 ಕೆ.ಜಿ. ಹೈ ಬಾರ್ ಸ್ಕ್ವಾಟ್ (ಬಾರನ್ನು ಕತ್ತಿನ ಬುಡದಲ್ಲಿ ಹೆಗಲ ಮೇಲೆ ಹೊತ್ತು ಬಸ್ಕಿ), ವಾರಕ್ಕೆ ಎರಡು ದಿನ. 60 ಕೆ.ಜಿ.ವರೆಗೆ ಸೊಂಟ ಮಂಡಿಗಿಂತ ಕೆಳಕ್ಕೆ ಸಲೀಸಾಗಿ ಇಳಿಯುತ್ತೆ. 80 ದಾಟಿತೋ, ಪೂರ್ತಿ ಇಳಿದೆ ಅಂತಲೇ ಅನಿಸುತ್ತೆ, ವಿಡಿಯೋ ನೋಡಿದರೆ ನಾಲ್ಕು ಬೆರಳು ಮೇಲೆ. 90ರಲ್ಲಿ 5 ರೆಪ್ (ಒಮ್ಮೆ ಇಳಿದು ಎದ್ದರೆ ಒಂದು ರೆಪ್) ಬರುತ್ತೆ, ಐದರಲ್ಲಿ ಒಂದೂ ಪೂರ್ತಿ ಅಲ್ಲ. ಹಿಮ್ಮಡಿ ಏಳಲ್ಲ, ಮಂಡಿ ನೋವಿಲ್ಲ. ಕೆಳಗೆ ಸಿಕ್ಕಿಹಾಕಿಕೊಂಡರೆ ಏನು ಗತಿ ಅನ್ನೋ ಅಳುಕು ಮಾತ್ರ ಇದೆ.

ಟ್ರೇನರ್ ಹೇಳೋದು: ಹಿಪ್ ಸ್ಟ್ರೆಚ್ ಮಾಡು, ಮಂಡಿ ಕಾಲ್ಬೆರಳು ದಾಟದ ಹಾಗೆ ನೋಡಿಕೋ. ಸ್ಟ್ರೆಚ್‌ನಿಂದ ಇದು ಸರಿಹೋಗುತ್ತಾ? 90 ಬಿಟ್ಟು ಎಷ್ಟಕ್ಕೆ ಇಳಿಯಬೇಕು?

ಮೂಲೆ ರ್ಯಾಕ್

60ರಲ್ಲಿ ಇಳಿಯೋ ಸೊಂಟ 90ರಲ್ಲಿ ಇಳಿಯಲ್ಲ ಅಂದರೆ ಅದನ್ನು ಬಿಗಿತ ಅನ್ನೋಕಾಗಲ್ಲ. ಕೀಲು ಬಿಗಿ ಇದ್ದಿದ್ದರೆ ಖಾಲಿ ಬಾರ್‌ನಲ್ಲೇ ಅಡ್ಡ ಬರಬೇಕಿತ್ತು. ಹೆಗಲ ಮೇಲೆ ಭಾರ ಹೆಚ್ಚಾದಷ್ಟೂ ಅದು ನಿಮ್ಮನ್ನು ಕೆಳಕ್ಕೇ ಒತ್ತುತ್ತೆ. ಆದರೂ ಗುಮಾನಿ ಇಟ್ಟುಕೊಳ್ಳೋದು ಬೇಡ, ಒಮ್ಮೆ ಪರೀಕ್ಷಿಸಿ ಬಿಡಿ.

ಬರಿಗಾಲಲ್ಲಿ, ಹಿಮ್ಮಡಿ ನೆಲಕ್ಕೂರಿ ಕುಕ್ಕರುಗಾಲಲ್ಲಿ ಕೂರಿ. ಹಿಂದಕ್ಕೆ ಮಗುಚೋ ಹಾಗಾದರೆ 5 ಕೆ.ಜಿ. ಪ್ಲೇಟ್ ಒಂದನ್ನು ಕೈ ಚಾಚಿ ಎದೆಯ ಮುಂದೆ ಹಿಡಿದು ಮತ್ತೆ ಕೂರಿ. ಪ್ಲೇಟ್ ಹಿಡಿದಾಗ ಕೂರೋಕೆ ಬಂದರೆ ತೊಂದರೆ ಬಹುಪಾಲು ಸಮತೋಲನದ್ದು. ಪ್ಲೇಟ್ ಹಿಡಿದರೂ ಹಿಮ್ಮಡಿ ಎದ್ದರೆ ಪಾದದ ಕೀಲು ನೋಡಬೇಕು. ಅದಕ್ಕೆ ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರ ಇರೋ ಹಾಗೆ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. 10ರಿಂದ 12 ಸೆಂ.ಮೀ. ಬಂದರೆ ಧಾರಾಳ ಆಯಿತು. 6-7ಕ್ಕೇ ಹಿಮ್ಮಡಿ ಎದ್ದರೆ ಅದೇ ಭಂಗಿಯಲ್ಲಿ ಮಂಡಿಯನ್ನು ಮುಂದಕ್ಕೆ ಒತ್ತಿ 3 ಸೆಕೆಂಡ್ ಹಿಡಿದು ಬಿಡೋದನ್ನು ಕಾಲಿಗೆ 12 ಸಲ, 2 ಸೆಟ್, ವಾರ್ಮಪ್‌ನಲ್ಲಿ ಸೇರಿಸಿ. ಇದು ವಾರಗಟ್ಟಲೆ ಹಿಡಿಯೋ ಕೆಲಸ. ಅಲ್ಲಿಯವರೆಗೆ ಹಿಮ್ಮಡಿ ಎತ್ತರ ಇರೋ ಲಿಫ್ಟಿಂಗ್ ಶೂ ಸಾಕು, ಸುಮಾರು 2 ಸೆಂ.ಮೀ. ಏರಿಸುತ್ತೆ. ಓಡೋ ಶೂ ಹಾಕಿಕೊಂಡು ಮಾತ್ರ ಮಾಡಬೇಡಿ. ಮೆತ್ತನೆ ಅಡಿ ಭಾರಕ್ಕೆ ಒಂದು ಕಡೆ ಕುಸಿಯುತ್ತೆ, ಕೆಳಗೆ ಹೋದಷ್ಟೂ ಕಾಲು ಅಲ್ಲಾಡುತ್ತೆ, ಇಳಿಯೋ ಧೈರ್ಯ ಅಲ್ಲೇ ಅರ್ಧ ಹೋಗುತ್ತೆ.

ಕಾಲು ಎಷ್ಟು ಅಗಲ ಇಡಬೇಕು ಅನ್ನೋದಕ್ಕೆ ಎಲ್ಲರಿಗೂ ಒಂದೇ ಅಳತೆ ಇಲ್ಲ, ತೊಡೆಮೂಳೆ ಸೊಂಟಕ್ಕೆ ಕೂಡೋ ಕೋನ ಒಬ್ಬೊಬ್ಬರದು ಒಂದೊಂದು ಥರ. ಅಂಬೆಗಾಲಲ್ಲಿ ನಿಂತು ಸೊಂಟವನ್ನು ಹಿಮ್ಮಡಿ ಕಡೆ ತಳ್ಳಿ. ಮಂಡಿಗಳ ನಡುವಿನ ಅಂತರ ಬದಲಿಸುತ್ತಾ ಹೋಗಿ, ಯಾವ ಅಗಲದಲ್ಲಿ ಕೆಳಬೆನ್ನು ಗುಂಡಾಗದೆ ಅತಿ ಹಿಂದಕ್ಕೆ ಹೋಗುತ್ತೋ ಅದರಿಂದ ಶುರು ಮಾಡಿ. ಪಾದ 15ರಿಂದ 30 ಡಿಗ್ರಿ ಹೊರಗೆ, ಮಂಡಿ ಅದೇ ದಿಕ್ಕಿಗೆ.

ವಿಡಿಯೋ ಹೇಗೆ ತೆಗೀತೀರಿ? ಫೋನ್ ಮಂಡಿ ಎತ್ತರದಲ್ಲಿ, ನೇರ ಪಕ್ಕದಿಂದ ಇರಲಿ. ಎದುರಿನ ಬೆಂಚ್ ಮೇಲೆ ಎತ್ತರದಲ್ಲಿಟ್ಟರೆ ಸರಿಯಾದ ಆಳವೂ ಕಮ್ಮಿ ಕಾಣುತ್ತೆ. ಪವರ್‌ಲಿಫ್ಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಫ್‌ನ ನಿಯಮ ಇಷ್ಟೇ: ತೊಡೆಸಂದಿನಲ್ಲಿ ಕಾಲಿನ ಮೇಲ್ಭಾಗ ಮಂಡಿಯ ತುದಿಗಿಂತ ಕೆಳಗಿರಬೇಕು. ಪೃಷ್ಠದ ಅಡಿಭಾಗ ನೋಡಿ ಅಳೆಯಬೇಡಿ.

ಪಿನ್ ಮೊದಲು

ಅಳುಕು ಅಂತ ನೀವೇ ಬರೆದಿದ್ದೀರಿ, ಹಾಗಾದರೆ ಮದ್ದು ಕೂಡ ಅದಕ್ಕೇ ಹಾಕಬೇಕು. ಮನಸ್ಸು ಗಟ್ಟಿ ಮಾಡಿಕೋ ಅನ್ನೋ ಉಪದೇಶ ಪ್ರಯೋಜನಕ್ಕೆ ಬರಲ್ಲ. ಬಿದ್ದರೂ ಏನಾಗಲ್ಲ ಅಂತ ಮೈಗೆ ಗೊತ್ತಾಗಬೇಕು, ಅದನ್ನು ಕಲಿಸೋದು ಸೇಫ್ಟಿ ಪಿನ್, ಅಂದರೆ ಬಾರ್ ಬಿದ್ದರೆ ತಡೆಯೋಕೆ ರ್ಯಾಕ್‌ನ (ಬಾರ್ ಇಡೋ ಕಬ್ಬಿಣದ ಚೌಕಟ್ಟಿನ) ಎರಡೂ ಪಕ್ಕ ಹಾಕೋ ಸರಳು.

ಖಾಲಿ ಬಾರ್ ಹೊತ್ತು ನಿಮ್ಮ ಕೊನೆಯ ಆಳದಲ್ಲಿ ಕೂತುಬಿಡಿ, ಪಕ್ಕದವರಿಗೆ ಪಿನ್ ನೋಡೋಕೆ ಹೇಳಿ. ಬಾರ್‌ಗೂ ಪಿನ್‌ಗೂ ನಡುವೆ ಎರಡು ಬೆರಳು, ಅಂದರೆ 3-4 ಸೆಂ.ಮೀ. ಸಂದು ಇರಬೇಕು. ಸುಮಾರು ರ್ಯಾಕ್‌ಗಳಲ್ಲಿ ತೂತು 5 ಸೆಂ.ಮೀ.ಗೆ ಒಂದು, ಹಾಗಾಗಿ ಕರಾರುವಾಕ್ಕಾಗಿ ಕೂರಲ್ಲ. ಮೇಲಿನ ತೂತಿಗೆ ಹಾಕಿದರೆ ಪ್ರತಿ ರೆಪ್‌ಗೂ ಟಣ್ ಅಂತ ಬಡಿದು ಬಾರ್ ಹೆಗಲ ಮೇಲೆ ಜಾರುತ್ತೆ, ಆಮೇಲೆ ಆ ಸದ್ದಿಗೆ ಹೆದರಿ ಇನ್ನೂ ಮೇಲೇ ನಿಲ್ಲೋ ಅಭ್ಯಾಸ ಬೀಳುತ್ತೆ. ಕೆಳಗಿನ ತೂತಿಗೇ ಹಾಕಿ. ಸೋತಾಗ ಎದೆ ಸ್ವಲ್ಪ ಬಗ್ಗಿಸಿದರೆ ಬಾರ್ ಪಿನ್ ಮೇಲೆ ಬಂದು ಕೂರುತ್ತೆ.

ಈಗ ಸೋಲೋದನ್ನು ಕಲೀಬೇಕು. 40 ಕೆ.ಜಿ. ಹಾಕಿ, ಕೆಳಗೆ ಹೋಗಿ, ಏಳಬೇಡಿ. ಕೈ ಬಾರ್ ಮೇಲೇ ಇರಲಿ, ಸೊಂಟ ಇನ್ನೂ ಇಳಿಸಿ, ಎದೆ ಮುಂದಕ್ಕೆ ತಂದು ಎರಡೂ ಪಿನ್ ಮೇಲೆ ಒಟ್ಟಿಗೆ ಕೂರಿಸಿ. ಭಾರ ಹೆಗಲಿಂದ ಇಳಿದ ಮೇಲೆ ಮಂಡಿಯೂರಿ ಮುಂದಕ್ಕೆ ತೆವಳಿ ಆಚೆ ಬನ್ನಿ. ಪಿನ್ ಇರೋ ರ್ಯಾಕ್ ಒಳಗೆ ಬಾರ್ ಹಿಂದಕ್ಕೆ ಎಸೆಯೋಕೆ ಹೋಗಬೇಡಿ, ಒಂದು ತುದಿ ಮೊದಲು ತಗುಲಿ ಬಾರ್ ತಿರುಗಿಬಿಡುತ್ತೆ. ಕೈ ತುಂಬಾ ಅಗಲ ಹಿಡಿಯೋರು ಬೆರಳು ಪಿನ್ ನೇರಕ್ಕೆ ಬರ್ತಿದೆಯಾ ನೋಡಿಕೊಳ್ಳಿ, ಬಂದರೆ ಒಳಗೆ ಸರಿಸಿ. 40ರಲ್ಲಿ ಐದಾರು ಸಲ, ಆಮೇಲೆ 60ರಲ್ಲಿ, 70ರಲ್ಲಿ. ಇದನ್ನು ದಣಿದ ಮೇಲೆ ಬೇಡ, ವಾರ್ಮಪ್ ಮುಗಿದ ತಕ್ಷಣ ಮಾಡಿ.

ರ್ಯಾಕ್‌ನಲ್ಲಿ ಬಾರ್ ಕೂರಿಸೋ ಹುಕ್‌ನ ಎತ್ತರವನ್ನೂ ನೋಡಿ. ಬಾರ್ ಎದೆಮೂಳೆಯ ಮಧ್ಯಕ್ಕೆ ಬರಬೇಕು, ಮಂಡಿ ಸ್ವಲ್ಪ ಬಗ್ಗಿಸಿ ಅದರಡಿ ಹೊಕ್ಕು ಎದ್ದು ನಿಂತರೆ ಹುಕ್‌ನಿಂದ ಬಿಡಬೇಕು. ತುದಿಗಾಲಲ್ಲಿ ನಿಂತು ಎತ್ತಬೇಕಾದರೆ ಸೆಟ್ ಶುರುವಾಗೋ ಮೊದಲೇ ಎದೆ ಡವಡವ. ಹಿಂದಕ್ಕೆ ಬಲ ಒಂದು, ಎಡ ಒಂದು, ಪಾದ ಸರಿಪಡಿಸೋಕೆ ಇನ್ನೊಂದು, ಮೂರಕ್ಕಿಂತ ಹೆಚ್ಚು ಹೆಜ್ಜೆ ಬೇಡ. ಕೆಲವರು ಬಾರ್ ಹೊತ್ತು ನಾಲ್ಕು ಮಾರು ಹಿಂದೆ ಹೋಗಿ ನಿಲ್ತಾರೆ, ವಾಪಸ್ ಬಂದು ಹುಕ್ ಹುಡುಕೋದೇ ಒಂದು ಸಾಹಸ.

ಅರೆಬಸ್ಕಿ ವಿರೋಧಿ

90ರ 5 ರೆಪ್ ಲೆಕ್ಕಕ್ಕೇ ಬೇಡ, ಅದು ಬೇರೆಯೇ ಎತ್ತುಗೆ. ತೊಡೆ ನೆಲಕ್ಕೆ ಸಮ ಬರೋ ಆಸುಪಾಸಲ್ಲೇ ಮಂಡಿಗೂ ಸೊಂಟಕ್ಕೂ ಹೆಚ್ಚು ಹೊರೆ. ನೀವು ಅದಕ್ಕೆ ನಾಲ್ಕು ಬೆರಳು ಮೇಲೆ ನಿಂತು ಕಷ್ಟದ ಭಾಗವನ್ನೇ ಬಿಟ್ಟು ಬರ್ತಿದ್ದೀರಿ. ಯಾವ ಕೋನದಲ್ಲಿ ದುಡಿಸ್ತೀರೋ ಬಲ ಮುಖ್ಯವಾಗಿ ಅಲ್ಲಿ ಬೆಳೆಯುತ್ತೆ. ಹಾಗಾಗಿ 90ನ್ನು ಮೇಲೆ ಮೇಲೆ ಎಷ್ಟು ಮಾಡಿದರೂ ಅದು ಕೆಳಕ್ಕೆ ಇಳಿಯಲ್ಲ.

65ರಿಂದ ಶುರು ಮಾಡಿ. ಬಾರ್ 20, ಒಂದೊಂದು ಕಡೆ 20 ಮತ್ತು 2.5. ಮೊದಲ ದಿನ 3 ಸೆಟ್, 5 ರೆಪ್, ಕೆಳಗೆ 2 ಸೆಕೆಂಡ್ ನಿಲುಗಡೆ. ನಿಂತಾಗ ಸಡಿಲ ಬಿಡಬಾರದು, ಉಸಿರೂ ಬಿಡಬಾರದು. ಸೆಕೆಂಡನ್ನು ನೀವೇ ಎಣಿಸಬೇಡಿ, ಭಾರ ಹೊತ್ತವರ ಎಣಿಕೆ ಯಾವಾಗಲೂ ಓಡುತ್ತೆ, ವಿಡಿಯೋದಲ್ಲಿ ನೋಡಿ. ಎರಡನೇ ದಿನ 60ರಲ್ಲಿ 3 ಸೆಟ್, 5 ರೆಪ್, ಇಳಿಯೋಕೆ 3 ಸೆಕೆಂಡ್, ನಿಲ್ಲದೆ ಏಳೋದು. ವಾರಕ್ಕೆ 2.5 ಕೆ.ಜಿ. ಏರಿಕೆ. ಅದಕ್ಕೆ 1.25ರ ಜೋಡಿ ಬೇಕು, ಎಷ್ಟೋ ಜಿಮ್‌ಗಳಲ್ಲಿ ಇರಲ್ಲ. ಒಂದು ಜೋಡಿ ಕೊಂಡು ಬ್ಯಾಗ್‌ನಲ್ಲಿಡಿ. ಆಗಲ್ಲ ಅಂದರೆ ಅದೇ ತೂಕದಲ್ಲಿ 5, 6, 7 ರೆಪ್ ಮಾಡಿ, ಆಮೇಲೆ 5 ಕೆ.ಜಿ. ಏರಿಸಿ 5ಕ್ಕೆ ವಾಪಸ್. ಎಂಟು ವಾರಕ್ಕೆ ನಿಲುಗಡೆ ಸಮೇತ 82.5 ಆಗಬೇಕು. ಅದಾದ ಮೇಲೆ ನಿಲುಗಡೆ ತೆಗೆದರೆ 90 ತಾನಾಗೇ ಹತ್ತಿರ ಇರುತ್ತೆ.

ಆಳ ತಪ್ಪಿದ ರೆಪ್ ಎಣಿಸಬೇಡಿ. ಒಂದೇ ಸೆಟ್‌ನಲ್ಲಿ ಎರಡು ತಪ್ಪಿದರೆ ಬಾರ್ ಇಡಿ, ಮುಂದಿನ ವಾರ ಏರಿಕೆ ಇಲ್ಲ.

ಭಾರದಲ್ಲಿ ಪೂರ್ತಿ ಇಳಿದ ಹಾಗೆ ಅನಿಸಿ ಇಳಿದಿರಲ್ಲ ಅಂದಿರಲ್ಲ, ಅದಕ್ಕೆ ರ್ಯಾಕ್‌ನ ಹಿಂದಿನ ಎರಡು ಕಂಬಕ್ಕೆ ತೆಳ್ಳನೆ ರಬ್ಬರ್ ಬ್ಯಾಂಡ್ ಅಡ್ಡ ಕಟ್ಟಿ. ಸರಿಯಾದ ಆಳಕ್ಕೆ ಹೋದಾಗ ಪೃಷ್ಠಕ್ಕೆ ಸವರಬೇಕು, ಅಷ್ಟೇ. ಬೆಂಚ್ ಮೇಲೆ ಕೂತು ಏಳೋ ಪದ್ಧತಿ ನಿಮಗೆ ಬೇಡ. ಬೆಂಚ್ 42-45 ಸೆಂ.ಮೀ. ಎತ್ತರ ಇರುತ್ತೆ, ನಿಮ್ಮ ಎತ್ತರದವರಿಗೆ ಬೇಕಾದ್ದು 30-35. ಮೇಲಾಗಿ ಭಾರ ಹೊತ್ತು ಧೊಪ್ಪಂತ ಕೂತರೆ ಏಟೆಲ್ಲ ಬೆನ್ನುಮೂಳೆಗೆ.

ಇನ್ನೊಂದು, ಬೇಕಿದ್ದರೆ: ಮೊದಲ ದಿನದ ಸೆಟ್ ಮುಗಿದ ಮೇಲೆ 100 ಹಾಕಿ, ಎತ್ತಿ, ಮೂರು ಹೆಜ್ಜೆ ಹಿಂದೆ ಬಂದು 10 ಸೆಕೆಂಡ್ ನಿಂತು ವಾಪಸ್ ಇಡಿ. ಸ್ಕ್ವಾಟ್ ಮಾಡಬೇಡಿ, ಪಿನ್ ತೆಗೀಬೇಡಿ. ಇದರಿಂದ ಕಾಲಿಗೆ ಹೆಚ್ಚೇನೂ ಬಲ ಬರಲ್ಲ. ಆದರೆ ಹೆಗಲಿಗೆ ಆ ಒತ್ತಡ ರೂಢಿಯಾದರೆ 80 ಹೊತ್ತಾಗ ಗಾಬರಿಯಾಗಲ್ಲ.

ಮೀನಖಂಡ

ಮೇಲಿನವರು ಟ್ರೇನರ್ ಹೇಳಿದ ಮಂಡಿಯ ಮಾತನ್ನು ಮುಟ್ಟಲಿಲ್ಲ, ನನಗೆ ಮುಖ್ಯ ತಪ್ಪು ಕಾಣೋದೇ ಅಲ್ಲಿ. ಹೈ ಬಾರ್‌ನಲ್ಲಿ ಮಂಡಿಯನ್ನು ಕಾಲ್ಬೆರಳ ಹಿಂದೆ ಕಟ್ಟಿಹಾಕಿದರೆ ಸೊಂಟ ಹಿಂದಕ್ಕೆ ಹೋಗಬೇಕು, ಬೆನ್ನು ಮುಂದಕ್ಕೆ ಬಾಗಬೇಕು. ಹಗುರ ಇದ್ದಾಗ ಹೇಗೋ ನಡೆಯುತ್ತೆ. 80ರ ಮೇಲೆ ಮುಂದಕ್ಕೆ ಮುಗ್ಗರಿಸೋ ಹಾಗಾಗಿ ಅರ್ಧಕ್ಕೇ ವಾಪಸ್ ಬರ್ತೀರಿ. ಹಾಗಾಗಿ ಇದು ಬರೀ ಭಯ ಅಂತ ನಾನು ಒಪ್ಪಲ್ಲ.

2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7 ಮಂದಿಗೆ ತಮ್ಮ ದೇಹತೂಕದಷ್ಟೇ ಭಾರ ಹೊರಿಸಿ, ಒಮ್ಮೆ ಮಂಡಿ ಮುಂದೆ ಹೋಗಲು ಬಿಟ್ಟು, ಇನ್ನೊಮ್ಮೆ ಮುಂದೆ ಹಲಗೆ ಇಟ್ಟು ತಡೆದು ಅಳೆದರು. ತಡೆದಾಗ ಮಂಡಿಯ ಮೇಲಿನ ಟಾರ್ಕ್ (ಕೀಲನ್ನು ತಿರುಗಿಸೋ ಬಲ) ಸುಮಾರು 150ರಿಂದ 117 ನ್ಯೂಟನ್ ಮೀಟರ್‌ಗೆ ಇಳಿಯಿತು, ಸೊಂಟದ್ದು 28ರಿಂದ 303ಕ್ಕೆ ಹಾರಿತು. ಮಂಡಿಗೆ ಉಳಿಸಿದ್ದು ಚೂರು, ಸೊಂಟದ ತಲೆಗೆ ಕಟ್ಟಿದ್ದು ರಾಶಿ. ನಮ್ಮ ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಎದ್ದು ಮಂಡಿ ಬೆರಳು ದಾಟಿ ಎಲ್ಲಿಗೋ ಹೋಗುತ್ತೆ. ವೇಟ್‌ಲಿಫ್ಟಿಂಗ್ ನೋಡಿ, 2018ರ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ಕುಂದಾಪುರದ ಗುರುರಾಜ ಆಗಲಿ ಯಾರೇ ಆಗಲಿ, ಬಾರನ್ನು ನೆಲದಿಂದ ಹೆಗಲಿಗೆ ತರೋ ಕ್ಲೀನ್‌ನಲ್ಲಿ ಬಾರ್ ಅಡಿ ಕೂರುವಾಗ ಮಂಡಿ ಮುಂದಕ್ಕೇ ಇರುತ್ತೆ.

ಮಾಡಬೇಕಾದ್ದು: ಮಂಡಿ ಮತ್ತು ಸೊಂಟವನ್ನು ಒಟ್ಟಿಗೆ ಬಿಡಿಸಿ, ಸೊಂಟ ಮೊದಲು ಹಿಂದಕ್ಕೆ ಕಳಿಸಬೇಡಿ. ಭಾರ ಪಾದದ ಮಧ್ಯದಲ್ಲಿ, ಪಕ್ಕದಿಂದ ನೋಡಿದರೆ ಬಾರ್ ಶೂ ಲೇಸ್ ಕಟ್ಟಿನ ನೇರಕ್ಕೆ ಏರಿಳಿಯಬೇಕು. ಇಳಿಯೋ ಮೊದಲು ಹೊಟ್ಟೆ, ಪಕ್ಕೆ, ಕೆಳಬೆನ್ನು ಸುತ್ತಲೂ ಉಬ್ಬೋ ಹಾಗೆ ಉಸಿರು ತುಂಬಿ ಹಿಡಿಯಿರಿ, ಏಳುವಾಗ ಕಷ್ಟದ ಜಾಗ ದಾಟಿದ ಮೇಲೆ ಬಿಡಿ. ರಕ್ತದೊತ್ತಡಕ್ಕೆ ಮಾತ್ರೆ ತಗೊಳ್ಳೋರು, ಹರ್ನಿಯಾ ಇರೋರು ಡಾಕ್ಟರನ್ನು ಕೇಳದೆ ಹೀಗೆ ಉಸಿರು ಕಟ್ಟಬಾರದು.

ಕಬ್ಬಿಣದ ಕಡಲೆ

ಗೋಡೆ ಪರೀಕ್ಷೆ ಮಾಡಿದೆ, ಎರಡೂ ಕಾಲು 11 ಸೆಂ.ಮೀ. ಕುಕ್ಕರುಗಾಲೂ ಸಲೀಸು. ಇನ್ನೆರಡು ಪ್ರಶ್ನೆ. ಸಂಜೆ ರ್ಯಾಕ್ ಸಿಗಲ್ಲ, ಬರೀ ಎರಡು ಕಂಬದ ಸ್ಕ್ವಾಟ್ ಸ್ಟ್ಯಾಂಡ್, ಪಿನ್ ಇಲ್ಲ. ಮತ್ತೆ, 80ರಿಂದ ಮೇಲೆ ಸೊಂಟಕ್ಕೆ ಲಿಫ್ಟಿಂಗ್ ಬೆಲ್ಟ್ ಹಾಕ್ತೀನಿ, ಅದರಿಂದೇನಾದರೂ ತೊಂದರೆ ಇದೆಯಾ?

ಪಿನ್ ಮೊದಲು

ಪಿನ್ ಇಲ್ಲದ ಕಡೆ ಭಾರದ ಸೆಟ್ ಬೇಡ, ಅಲ್ಲಿ ಎರಡನೇ ದಿನದ 60 ಮಾಡಿಕೊಳ್ಳಿ. ಬಾರ್ ಹಿಂದಕ್ಕೆ ಬಿಟ್ಟು ಮುಂದೆ ಹಾರೋದು ರಬ್ಬರ್ ಪ್ಲೇಟ್, ರಬ್ಬರ್ ನೆಲ, ಹಿಂದೆ ಖಾಲಿ ಜಾಗ ಮೂರೂ ಇದ್ದರೆ ಮಾತ್ರ. ಟೈಲ್ಸ್ ಮೇಲೆ ಕಬ್ಬಿಣದ ಪ್ಲೇಟ್ ಅಂದರೆ ಅದರ ಯೋಚನೆಯೂ ಬೇಡ. ಜನ ನಿಲ್ಲಿಸಿಕೊಳ್ಳೋದಾದರೆ ಎರಡು ತುದಿಗೆ ಇಬ್ಬರು, ಮೊದಲೇ ಒಪ್ಪಂದ ಆಗಿರಲಿ: ನಾನು "ಹಿಡಿ" ಅನ್ನೋವರೆಗೆ ಅಥವಾ ಬಾರ್ ಕೆಳಕ್ಕೆ ಹೋಗೋವರೆಗೆ ಮುಟ್ಟಬೇಡಿ, ಹಿಡಿದರೆ ಇಬ್ಬರೂ ಒಟ್ಟಿಗೆ ಹಿಡೀರಿ. ಹಿಂದೆ ನಿಂತು "ನಿಂದೇ, ನಿಂದೇ" ಅಂತ ಮೊದಲ ರೆಪ್‌ನಿಂದಲೇ ಎತ್ತಿಕೊಡೋ ಗೆಳೆಯನಿಂದ ದೂರ ಇರಿ, ಯಾವುದು ನಿಮ್ಮ ಬಲ ಅಂತ ನಿಮಗೇ ಗೊತ್ತಾಗಲ್ಲ.

ಮೀನಖಂಡ

ಬೆಲ್ಟ್ ಪ್ರಶ್ನೆ ಮೊದಲೇ ಕೇಳಬೇಕಿತ್ತು! ನಿಮ್ಮ ಆಳ ತಪ್ಪೋದೂ 80ರಿಂದಲೇ, ಬೆಲ್ಟ್ ಹಾಕೋದೂ 80ರಿಂದಲೇ. 10 ಸೆಂ.ಮೀ. ಅಗಲದ ಬೆಲ್ಟ್ ಹೊಕ್ಕುಳಿಗಿಂತ ಕೆಳಗೆ ಕೂತರೆ, ಕೆಳಗೆ ಹೋದಾಗ ಅದರ ಕೆಳಅಂಚು ಸೊಂಟದ ಮೂಳೆಗೂ ತೊಡೆಗೂ ಚುಚ್ಚುತ್ತೆ. ಮೈ ತಾನಾಗೇ ಅಲ್ಲಿ ನಿಲ್ಲುತ್ತೆ. ಒಂದೆರಡು ಸೆಂ.ಮೀ. ಮೇಲೆ ಕಟ್ಟಿ, ಮುಂದೆ ಸ್ವಲ್ಪ ಎತ್ತಿ ಕಟ್ಟಿದರೂ ಆಗುತ್ತೆ. ಉಸಿರು ಬಿಟ್ಟಾಗ ಅಂಗೈ ಒಳಗೆ ತೂರುವಷ್ಟು ಸಡಿಲ ಇರಲಿ, ತೀರಾ ಬಿಗಿದರೆ ಹೊಟ್ಟೆ ಉಬ್ಬಿಸೋಕೆ ಜಾಗ ಇರಲ್ಲ. 80ರಲ್ಲಿ ಬೆಲ್ಟ್ ಇಲ್ಲದೆ 2 ರೆಪ್, ಬೆಲ್ಟ್ ಹಾಕಿ 2 ರೆಪ್, ಪಿನ್ ಇರೋ ರ್ಯಾಕ್‌ನಲ್ಲಿ, ಎರಡರ ವಿಡಿಯೋ ಪಕ್ಕಪಕ್ಕ ಇಟ್ಟು ನೋಡಿ. ಬೆಲ್ಟ್ ಇಲ್ಲದ್ದು ಆಳಕ್ಕೆ ಹೋಗಿದ್ದರೆ 65ಕ್ಕೆ ಇಳಿಯೋದು ಬೇಡ, 75ರಿಂದ ಶುರು ಮಾಡಿ.