ಗಾಥಿಕ್ ಚರ್ಚುಗಳಲ್ಲಿ ಸಂಕೇತ ಯಾವುದು, ಕಟ್ಟಡದ ಅಗತ್ಯ ಯಾವುದು?

ಕಾಳೀತೀರ, ಕಾರವಾರ:
ಮಧ್ಯಯುಗದ ಯುರೋಪಿನಲ್ಲಿ ಬೆಳೆದ ಗಾಥಿಕ್ ಶೈಲಿಯ ಚರ್ಚುಗಳ ಕುರಿತು ಓದುವಾಗಲೆಲ್ಲ, ಚೂಪು ಕಮಾನು ಸ್ವರ್ಗದತ್ತ ಜೋಡಿಸಿದ ಕೈಗಳ ಸಂಕೇತ, ಮೂರು ಬಾಗಿಲುಗಳು ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಎಂಬ ಒಬ್ಬನೇ ದೇವರ) ಸಂಕೇತ ಎಂಬಂಥ ವಿವರಣೆಗಳು ಸಿಗುತ್ತವೆ. ಇವುಗಳಲ್ಲಿ ಕಟ್ಟಿಸಿದವರ ಆಶಯ ಯಾವುದು, ನೋಡಿದವರು ಆಮೇಲೆ ಆರೋಪಿಸಿದ್ದು ಯಾವುದು? ಗೋಕರ್ಣದಲ್ಲಿ ನಂದಾದೀಪದ ಮಬ್ಬು ಬೆಳಕಿನ ಗರ್ಭಗುಡಿಯನ್ನೇ ದೇವರ ಸನ್ನಿಧಿಯೆಂದು ಕಂಡುಕೊಂಡ ನನಗೆ, ಅಲ್ಲಿ ಅಷ್ಟೊಂದು ಕಿಟಕಿಗಳೇಕೆ ಎಂಬುದೂ ತಿಳಿಯಬೇಕಾಗಿದೆ.

ಸೋಂದಾದಾರಿ, ಶಿರಸಿ:
ಕಟ್ಟಿಸಿದವರೇ ಬರೆದಿಟ್ಟ ಮಾತು ಸಿಕ್ಕರೆ ಅದನ್ನೇ ಮೊದಲ ಪ್ರಮಾಣವೆಂದು ಹಿಡಿಯಬೇಕು. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದ ಅಧಿಪತಿ ಸ್ಯೂಜೆ, 1144ರಲ್ಲಿ ಪವಿತ್ರೀಕರಣಗೊಂಡ ತನ್ನ ಚರ್ಚಿನ ಪೂರ್ವಭಾಗದ ಬಗ್ಗೆ ಬರೆಯುತ್ತ, ನಡುವಿನ ಹನ್ನೆರಡು ಕಂಬಗಳು ಯೇಸುವಿನ ಪ್ರೇಷಿತರನ್ನೂ (ಹನ್ನೆರಡು ಮುಖ್ಯ ಶಿಷ್ಯರನ್ನೂ) ಸುತ್ತಲಿನ ಅಷ್ಟೇ ಕಂಬಗಳು ಪ್ರವಾದಿಗಳನ್ನೂ ಸೂಚಿಸುತ್ತವೆಂದು ತಾನೇ ಹೇಳಿದ್ದಾನೆ. ಮಂದವಾದ ಮನಸ್ಸು ಕಣ್ಣಿಗೆ ಕಾಣುವ ವಸ್ತುಗಳ ಮೂಲಕವೇ ಸತ್ಯದೆಡೆಗೆ ಏರುತ್ತದೆ ಎಂಬ ಆಶಯದ ಪದ್ಯವನ್ನು ಅವನು ಚಿನ್ನದ ಲೇಪದ ಕಂಚಿನ ಬಾಗಿಲಿಗೆ ಬರೆಸಿದ್ದ. ಕಿಟಕಿಗಳ ಉತ್ತರ ಇಲ್ಲಿಯೇ ಇದೆ: ಬಣ್ಣದ ಗಾಜಿನಲ್ಲಿ ಹಾದುಬರುವ ಬೆಳಕು ಅವನ ಪಾಲಿಗೆ ದೈವೀ ಬೆಳಕಿನತ್ತ ಕರೆದೊಯ್ಯುವ ಮೆಟ್ಟಿಲಾಗಿತ್ತು. ನಮ್ಮಲ್ಲಿ ಭಕ್ತನು ಹೊರಗಿನ ಬೆಳಕನ್ನು ಹಂತಹಂತವಾಗಿ ಬಿಟ್ಟು ಒಳಗಿನ ಕತ್ತಲೆಗೆ ಸಾಗುತ್ತಾನೆ. ಅಲ್ಲಿ ಸಾಮಾನ್ಯವಾಗಿ ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕು, ಸೂರ್ಯೋದಯದ ದಿಕ್ಕಿನಲ್ಲಿರುವ ಬಲಿಪೀಠದತ್ತ, ಅಂದರೆ ಆರಾಧನೆಯ ವೇದಿಕೆಯತ್ತ, ನಡೆಯುತ್ತಾನೆ. ದಾರಿ ವಿರುದ್ಧವಾದರೂ, ನಡೆಯುತ್ತ ನಡೆಯುತ್ತ ಮನಸ್ಸನ್ನು ಅಣಿಗೊಳಿಸುವ ಕ್ರಮ ಎರಡರಲ್ಲಿಯೂ ಇದೆ ಎಂದು ನನಗೆ ಅನ್ನಿಸುತ್ತದೆ.

ಕಲ್ಲುಕೆಲಸ, ಭಟ್ಕಳ:
ಚೂಪು ಕಮಾನಿನ ವಿಷಯದಲ್ಲಿ ನಾನು ಅಗತ್ಯದ ಪಕ್ಷ. ಇಸ್ಲಾಮೀ ಕಟ್ಟಡಗಳಲ್ಲಿ ಅದು ಗಾಥಿಕ್ ಶೈಲಿಗಿಂತ ಬಹಳ ಮೊದಲೇ ಬಳಕೆಯಲ್ಲಿತ್ತು. ಅರ್ಧವೃತ್ತದ ಕಮಾನಿಗಿಂತ ಅದು ಪಕ್ಕಕ್ಕೆ ಒತ್ತುವುದು ಕಡಿಮೆ. ಉಳಿದ ಒತ್ತಡವನ್ನು ಹೊರಗಿನಿಂದ ಗೋಡೆಗೆ ಆತು ನಿಂತ ಅರೆಕಮಾನುಗಳು ಹೊರುವುದರಿಂದ, ಗೋಡೆಯನ್ನು ತೆರೆದು ಗಾಜು ಕೂರಿಸಲು ಸಾಧ್ಯವಾಯಿತು. ಎತ್ತರದ ಹಂಬಲ ಮಿತಿಮೀರಿದ್ದೂ ಉಂಟು: ಫ್ರಾನ್ಸಿನ ಬೊವೇ ಊರಿನ ಚರ್ಚಿನಲ್ಲಿ ಸುಮಾರು 48 ಮೀಟರ್ ಎತ್ತರದ ಚಾವಣಿಯ ಒಂದು ಭಾಗ 1284ರಲ್ಲಿ ಕುಸಿಯಿತು. ಸೂರಿನಂಚಿನ ವಿಕಾರ ಮುಖಗಳನ್ನು ದುಷ್ಟಶಕ್ತಿಗಳೆಂದು ವರ್ಣಿಸುವವರು, ಅವು ಮಳೆನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲುವ ಕೊಳವೆಗಳೆಂಬುದನ್ನು ಮೊದಲು ಹೇಳಬೇಕು. ನಮ್ಮೂರಿನ ಕೇತಪೈ ನಾರಾಯಣ ದೇವಸ್ಥಾನದ ಇಳಿಜಾರಾದ ಕಲ್ಲುಚಪ್ಪಡಿಯ ಮಾಡೂ ಮಳೆಗೆ ಕೊಟ್ಟ ಉತ್ತರವೇ.

ಕಾಳೀತೀರ, ಕಾರವಾರ:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಮೂರು ಬಾಗಿಲುಗಳ ಕಥೆಯೇನು?

ಸೋಂದಾದಾರಿ, ಶಿರಸಿ:
ಅನೇಕ ಚರ್ಚುಗಳಲ್ಲಿ ಒಳಗೆ ನಡುವಿನ ಅಂಕಣವೊಂದು, ಪಕ್ಕದ ಸಾಲುಗಳೆರಡು ಇರುವುದರಿಂದಲೇ ಬಾಗಿಲುಗಳು ಮೂರಾಗಿವೆ. ಆದ್ದರಿಂದ ಆ ವಿವರಣೆಯನ್ನು ಎಚ್ಚರದಿಂದ ಸ್ವೀಕರಿಸಿ. ನಿಸ್ಸಂದೇಹವಾದ ಸಂಕೇತ ಬೇಕಿದ್ದರೆ ಫ್ರಾನ್ಸಿನ ಶಾರ್ತ್ರ್ ಊರಿನ ಚರ್ಚಿನ ದಕ್ಷಿಣದ ಗುಲಾಬಿ ಕಿಟಕಿಯ (ಹೂವಿನಾಕಾರದ ದುಂಡು ಕಿಟಕಿಯ) ಕೆಳಗೆ ನೋಡಬೇಕು. ಅಲ್ಲಿನ ನಾಲ್ಕು ಉದ್ದನೆಯ ಗಾಜಿನ ಪಟ್ಟಿಗಳಲ್ಲಿ ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಬರೆದವರೆನ್ನಲಾಗುವ ಮತ್ತಾಯ, ಮಾರ್ಕ, ಲೂಕ, ಯೊವಾನ್ನರು, ಬೈಬಲಿನ ಹಳೆಯ ಭಾಗವಾದ ಹಳೆಯ ಒಡಂಬಡಿಕೆಯ ನಾಲ್ವರು ಪ್ರವಾದಿಗಳ ಹೆಗಲೇರಿ ಕುಳಿತಿದ್ದಾರೆ. ಹೊಸ ಒಡಂಬಡಿಕೆ ಹಳೆಯದರ ಆಧಾರದ ಮೇಲೆಯೇ ನಿಂತಿದೆ ಎಂಬ ಬೋಧನೆಯನ್ನು ಓದು ಬಾರದವರಿಗೂ ತಿಳಿಯುವಂತೆ ಹೀಗೆ ಚಿತ್ರಿಸಲಾಗಿದೆ.