‘ಹ್ಯಾಲೋಜೆನ್ ಫ್ರೀ’ ವೈರ್: ನಿಜವಾ ಅಂತ ನೋಡುವುದು ಹೇಗೆ?

ಕುತೂಹಲಿ:
ಹೊಸ ಎಕ್ಸ್‌ಟೆನ್ಷನ್ ವೈರ್ ಮೇಲೆ ‘ಹ್ಯಾಲೋಜೆನ್ ಫ್ರೀ’ ಅಂತ ಅಚ್ಚಾಗಿದೆ, ಅಂದರೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಥರದ ಮೂಲಧಾತುಗಳು ಇಲ್ಲ ಅಂತ. ಹಳೆಯದು ಪಿವಿಸಿ, ಕ್ಲೋರಿನ್ ಇರುವ ಪ್ಲಾಸ್ಟಿಕ್. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ ಇವೆ. ಹೊಸದರಲ್ಲಿ ಕ್ಲೋರಿನ್ ಇದೆಯಾ, ಇದ್ದರೆ ಎಷ್ಟು ಅಂತ ತಿಳಿಯಬೇಕು. ಟೂತ್‌ಪೇಸ್ಟ್, ಬ್ಲೀಚ್ ಕೂಡ ಅಳೆಯುವ ಆಸೆ ಇದೆ. ಎಲ್ಲಕ್ಕೂ ಒಂದೇ ಪರೀಕ್ಷೆ ಸಾಕಾ?

ತಾಮ್ರತಂತಿ:
ಬೈಲ್‌ಸ್ಟೈನ್ ಪರೀಕ್ಷೆ ಮಾಡಿ. ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಹಸಿರು ಪೂರ್ತಿ ಹೋಗುವ ತನಕ ಕಾಯಿಸಿ. ಬಿಸಿ ಇರುವಾಗಲೇ ಪ್ಲಾಸ್ಟಿಕ್‌ಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಕ್ಲೋರಿನ್ ಇದ್ದರೆ ಹಸಿರು ಉರಿ ಬರುತ್ತದೆ. ಚೂರೇ ಚೂರು ಸಾಕು. ಬಯಲಲ್ಲಿ ಮಾಡಿ, ಹೊಗೆ ಕುಡಿಯಬೇಡಿ.

ಲ್ಯಾಬ್‌ನವಳು:
ಈ ಪರೀಕ್ಷೆ ಚೆನ್ನಾಗಿದೆ. ಆದರೆ ಅದು ಇದೆ ಅಥವಾ ಇಲ್ಲ ಅನ್ನುತ್ತದೆ, ಅಷ್ಟೇ. ಕ್ಲೋರಿನ್ನೋ ಬ್ರೋಮಿನ್ನೋ ಅಂತಲೂ ಹೇಳುವುದಿಲ್ಲ. ಫ್ಲೋರಿನ್ ಅಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ, ಯಾಕಂದರೆ ತಾಮ್ರದ ಫ್ಲೋರೈಡ್ ಸುಲಭವಾಗಿ ಆವಿಯಾಗುವುದಿಲ್ಲ. ಹಾಗಾಗಿ ನಾನ್‌ಸ್ಟಿಕ್ ಲೇಪ ಕೆರೆದು ಸುಡಲು ಹೋಗಬೇಡಿ. ವಿಷದ ಹೊಗೆ ಬರುತ್ತದೆ, ಉತ್ತರ ಬರುವುದಿಲ್ಲ.

‘ಫ್ರೀ’ ಅಂದರೆ ಸೊನ್ನೆ ಅಲ್ಲ. ಸರ್ಕ್ಯೂಟ್ ಬೋರ್ಡ್‌ಗಳಿಗೆ ಐಇಸಿ (ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾಡಿದ 61249-2-21 ಮಾನದಂಡದಲ್ಲಿ ಕ್ಲೋರಿನ್ 900 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 900 ಪಾಲು), ಬ್ರೋಮಿನ್ 900, ಎರಡೂ ಸೇರಿ 1500ರವರೆಗೆ ಇರಬಹುದು. ಫ್ಲೋರಿನ್ ಲೆಕ್ಕಕ್ಕೇ ಇಲ್ಲ! ವೈರ್‌ಗಳಿಗೆ ಬೇರೆ ಮಾನದಂಡ: ಐಇಸಿ 60754. ಅದರಲ್ಲಿ ಸುಟ್ಟಾಗ ಹೊರಬರುವ ಆಮ್ಲದ ಅನಿಲ ಅಳೆಯುತ್ತಾರೆ. ಹೋಲಿಸಿ ನೋಡಿ, ಏನೂ ಬೆರೆಸದ ಪಿವಿಸಿಯಲ್ಲಿ ತೂಕದ ಶೇ 57ರಷ್ಟು ಕ್ಲೋರಿನ್ನೇ.

ನಮ್ಮಲ್ಲಿ ವೈರ್‌ನ ಹೊದಿಕೆಯನ್ನು ಸಣ್ಣಗೆ ಕತ್ತರಿಸಿ, ಪಿಂಗಾಣಿಯ ಪುಟ್ಟ ದೋಣಿಯಲ್ಲಿಟ್ಟು, ಸುಮಾರು 1000 ಡಿಗ್ರಿಯ ಕುಲುಮೆಗೆ ತಳ್ಳುತ್ತೇವೆ. ಆಕ್ಸಿಜನ್ನಲ್ಲಿ ಉರಿದು ಬಂದ ಅನಿಲವನ್ನು ದ್ರಾವಣದಲ್ಲಿ ಹಿಡಿದು ಅಯಾನ್ ಕ್ರೊಮ್ಯಾಟೋಗ್ರಾಫ್‌ಗೆ (ಕರಗಿದ ಅಯಾನ್‌ಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ) ಬಿಡುತ್ತೇವೆ. ಮೊದಲು ಫ್ಲೋರೈಡ್, ಆಮೇಲೆ ಕ್ಲೋರೈಡ್, ಅದರ ಹಿಂದೆ ಬ್ರೋಮೈಡ್ ಬೇರೆ ಬೇರೆಯಾಗಿ ಬರುತ್ತವೆ. ಬೆರಳಿನ ಬೆವರು ತಗುಲಿದರೂ ಕ್ಲೋರೈಡ್ ಏರುತ್ತದೆ. ಅದಕ್ಕೇ ಎಲ್ಲವನ್ನೂ ಚಿಮಟದಲ್ಲೇ ಹಿಡಿಯುವುದು, ಮೊದಲು ಖಾಲಿ ದೋಣಿಯನ್ನೇ ಇದೇ ಥರ ಪರೀಕ್ಷಿಸಿ ನೋಡುವುದು.

ಟೂತ್‌ಪೇಸ್ಟ್‌ಗೆ ಫ್ಲೋರೈಡ್ ಎಲೆಕ್ಟ್ರೋಡ್ (ದ್ರಾವಣದಲ್ಲಿ ಮುಳುಗಿಸಿ ಫ್ಲೋರೈಡ್ ಅಳೆಯುವ ಕಡ್ಡಿ) ಸಾಕು. ಆದರೆ ಡಬ್ಬಿಯ ಮೇಲೆ ‘ಮೊನೊಫ್ಲೋರೋಫಾಸ್ಫೇಟ್’ ಅಂತಿದ್ದರೆ ಫ್ಲೋರಿನ್ ಫಾಸ್ಫೇಟ್‌ಗೆ ಅಂಟಿಕೊಂಡಿರುತ್ತದೆ, ಮೊದಲು ಆಮ್ಲದಲ್ಲಿ ಒಡೆಯಬೇಕು, ಇಲ್ಲದಿದ್ದರೆ ಅಂಕಿ ತೀರಾ ಕಮ್ಮಿ ಬರುತ್ತದೆ. ಬ್ಲೀಚ್‌ಗೆ ಅಯೋಡೈಡ್ ಹಾಕಿ, ಥಯೋಸಲ್ಫೇಟ್ ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತು ಅಂತ ಅಳೆಯುವ ಟೈಟ್ರೇಷನ್ ಮಾಡುತ್ತಾರೆ. ಅದೂ ಕೆಲಸ ಮಾಡುವ ಕ್ಲೋರಿನ್ನನ್ನು ಮಾತ್ರ ಎಣಿಸುತ್ತದೆ, ಅದರಲ್ಲೇ ಇರುವ ಉಪ್ಪನ್ನಲ್ಲ. ಮನೆಯಲ್ಲಿ ಬ್ಲೀಚ್‌ಗೆ ಆಮ್ಲ ಹಾಕಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಕುತೂಹಲಿ:
ಸುಟ್ಟು ನೋಡಿದೆ. ಹಳೇದು ಹಸಿರು, ಹೊಸದು ಬರೀ ಹಳದಿ. ಪಾಸ್ ಅಲ್ವಾ?

ಲ್ಯಾಬ್‌ನವಳು:
ನೀವು ಸುಟ್ಟ ಭಾಗ ಪಿವಿಸಿ ಅಲ್ಲ ಅನ್ನಬಹುದು. ಒಳಗಿನ ಹೊದಿಕೆಯನ್ನೂ ನೋಡಿದಿರಾ? ಹೊರಕವಚ ಒಂದು ಪ್ಲಾಸ್ಟಿಕ್, ಒಳಗಿನದು ಇನ್ನೊಂದು ಇರುವುದುಂಟು. ಅಂಕಿಯೇ ಬೇಕಾದರೆ ಎರಡನ್ನೂ ಬೇರೆ ಪೊಟ್ಟಣದಲ್ಲಿ ಲ್ಯಾಬ್‌ಗೆ ಕೊಡಿ. ಸುಮ್ನೆ ‘ಹ್ಯಾಲೋಜೆನ್’ ಅಂತ ಬರೆಯದೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಮೂರರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಡಿ.