ಹಾಂಗ್‌ಕಾಂಗ್ ಪಟ್ಟಣದ ನಡುವೆ ಸೇನೆಯ ಜಾಗ: ಗವರ್ನರ್‌ಗೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಹಾಂಗ್‌ಕಾಂಗ್ ಬ್ರಿಟಿಷ್ ವಸಾಹತಾಗಿದ್ದಾಗ ಸೆಂಟ್ರಲ್ ಮತ್ತು ವಾನ್‌ಚಾಯ್ ಬಡಾವಣೆಗಳ ನಡುವಿನ ಬ್ರಿಟಿಷ್ ಬ್ಯಾರಕ್ಸ್ (ಸೈನಿಕರ ವಸತಿ) ನೂರಕ್ಕೂ ಹೆಚ್ಚು ವರ್ಷ ಉಳಿದದ್ದು ಹೇಗೆ? ಗವರ್ನರ್ ಜಾಗ ವಾಪಸ್ ಪಡೆಯಬಹುದಿತ್ತಲ್ಲ?

ಉತ್ತರ 1: ಆಗುತ್ತಿರಲಿಲ್ಲ. ಅದು ಸೇನೆಯ ನೆಲ, ಅದರ ವಿಚಾರದಲ್ಲಿ ಲಂಡನ್‌ನ ಬ್ರಿಟಿಷ್ ಸರ್ಕಾರ ಒಪ್ಪಲೇಬೇಕಿತ್ತು. ಹಿಂದೆ ಕಡಿದಾದ ಬೆಟ್ಟ, ಮುಂದೆ ಕಡಲು. ಪಟ್ಟಣಕ್ಕಿದ್ದದ್ದೇ ಕಿರಿದಾದ ಪಟ್ಟಿ. ಅದರ ನಡುವೆ ಬ್ಯಾರಕ್ಸ್, ದಡದಲ್ಲಿ ನೌಕಾಪಡೆಯ ಡಾಕ್‌ಯಾರ್ಡ್ (ಹಡಗು ದುರಸ್ತಿಯ ಜಾಗ). ಹಾಗಾಗಿ ಪೂರ್ವ-ಪಶ್ಚಿಮದ ಓಡಾಟವೆಲ್ಲ ಕ್ವೀನ್ಸ್ ರಸ್ತೆಯ ಮೇಲೆ ಬಿತ್ತು. ಕಟ್ಟಡಕ್ಕೆ ಜಾಗ ಸಿಗದ್ದಕ್ಕಿಂತ ಈ ರಸ್ತೆಯ ಇಕ್ಕಟ್ಟೇ ದೊಡ್ಡ ಪೆಟ್ಟು. 1959ರಲ್ಲಿ ಡಾಕ್‌ಯಾರ್ಡ್ ಮುಚ್ಚಿದ ಮೇಲೆ ಅಲ್ಲಿ ಹಾರ್ಕೋರ್ಟ್ ರಸ್ತೆ ಎಂಬ ಇನ್ನೊಂದು ಪೂರ್ವ-ಪಶ್ಚಿಮ ರಸ್ತೆಗೆ ದಾರಿಯಾಯಿತು.

ಉತ್ತರ 2: ಅಲ್ಲಿನ ಬ್ಯಾರಕ್ಸ್‌ಗಳಲ್ಲಿ ಒಂದಾದ ವಿಕ್ಟೋರಿಯಾ ಬ್ಯಾರಕ್ಸನ್ನು ಸೇನೆ ಬಿಟ್ಟುಕೊಟ್ಟದ್ದು 1979ರಲ್ಲಿ. ಒಂದು ಭಾಗ ಪೆಸಿಫಿಕ್ ಪ್ಲೇಸ್ ಎಂಬ ಮಾಲ್-ಕಚೇರಿ ಸಂಕೀರ್ಣ ಆಯಿತು. ಸುಮಾರು 8 ಹೆಕ್ಟೇರ್ 1991ರಲ್ಲಿ ಉದ್ಯಾನವಾಯಿತು, ಇದು ಸರಿಯಾದ ನಿರ್ಧಾರ. ಹತ್ತಿರದ ಮರ್ರೆ ಬ್ಯಾರಕ್ಸ್‌ನಲ್ಲಿ ಅಧಿಕಾರಿಗಳ ವಸತಿಯಾಗಿದ್ದ, 1840ರ ದಶಕದ ಮರ್ರೆ ಹೌಸನ್ನು 1982ರಲ್ಲಿ ಕಲ್ಲುಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಮುಂದೆ ದ್ವೀಪದ ದಕ್ಷಿಣದ ಸ್ಟ್ಯಾನ್ಲಿಯಲ್ಲಿ ಜೋಡಿಸಿದರು.